ನುಗು ಅಂದ್ರೆ ಯಾರು?

ನಮ್ಮೂರ ಕಡೆ ನುಗು ಅಂತ ಒಂದು ಹೊಳೆ ಇದೆ. ಕಬಿನಿಗೆ ಹೋಗಿ ಸೇರುತ್ತದೆ. ಸರಗೂರಿನ ಕಡೆಯವರಿಗೆ ಹೊಳೆಯೂ ಗೊತ್ತು, ಅದರ ಅಣೆಕಟ್ಟೂ ಗೊತ್ತು. ಹಾಗಾಗಿ ಮೂರು ವರ್ಷದ ಹಿಂದೆ ದಸರಾ ರಜೆಗೆ ಮನೆಗೆ ಹೋಗಿದ್ದಾಗ, ನಡುಮನೆಯಲ್ಲಿ ಫೋನು ಹಿಡಿದು ಕೂತಿದ್ದ ನನ್ನ ತಂಗಿ ಇದ್ದಕ್ಕಿದ್ದಂತೆ "ಥೂ, ಅದೊಂದು ನುಗು!" ಅಂದಾಗ, ಅಡುಗೆಮನೆಯಿಂದ ಅಮ್ಮ ಕೇಳಿದ್ದು ಸಹಜವಾಗಿಯೇ ಇತ್ತು: "ನುಗುಗೆ ಏನಾಯ್ತೇ? ನೀರು ಬಿಟ್ರಾ?"

ತಂಗಿ ಅರ್ಧ ಗಂಟೆ ನಕ್ಕಳು. ನಗು ನಿಂತ ಮೇಲೆ ವಿವರಿಸಿದಳು. "ನುಗು ಅಂದ್ರೆ ಕೊರಿಯನ್‌ನಲ್ಲಿ 'ಯಾರು' ಅಂತ ಕಣಕ್ಕ. ಯಾರಿಗೂ ಗೊತ್ತಿಲ್ಲದ ಗ್ರೂಪಿಗೆ ನುಗು ಗ್ರೂಪು ಅಂತಾರೆ. ಅದು ಬೈಗುಳ."

ನಾನು ಇತಿಹಾಸದ ವಿದ್ಯಾರ್ಥಿನಿ. ನನ್ನ ಪಿಎಚ್.ಡಿ. ವಿಷಯಕ್ಕೂ ಕೆ-ಪಾಪ್‌ಗೂ ಯಾವ ಸಂಬಂಧವೂ ಇಲ್ಲ. ಆದರೆ 'ಯಾರು' ಎಂಬ ಬಡಪಾಯಿ ಪ್ರಶ್ನಾರ್ಥಕ ಸರ್ವನಾಮವೊಂದು ಬೈಗುಳವಾಗಿ ಬಡ್ತಿ ಪಡೆದದ್ದು ಕೇಳಿ ನನಗೆ ಕುತೂಹಲ ಹುಟ್ಟಿತು. ನಮ್ಮಲ್ಲೂ ಇದೆಯಲ್ಲ, "ಅವನ್ಯಾವೂರ ದಾಸಯ್ಯ?" ಹಾಗೆ ಕೇಳುವವರಿಗೆ ದಾಸಯ್ಯನ ಊರಿನ ಹೆಸರು ಬೇಕಾಗಿಲ್ಲ. ನುಗು ಕೂಡ ಹಾಗೆಯೇ. ಅಲ್ಲಿಂದ ಶುರುವಾದದ್ದು, ಅಧ್ಯಾಯ ಬರೆಯಲು ಮನಸ್ಸಿಲ್ಲದ ರಾತ್ರಿಗಳಲ್ಲೆಲ್ಲ ಈ ಬೈಗುಳಗಳ ಬೆನ್ನು ಹತ್ತುವ ಚಟವಾಗಿ ಬೆಳೆಯಿತು. ಒಮ್ಮೆ ವಿಚಾರ ಸಂಕಿರಣವೊಂದರ ಊಟದ ಹೊತ್ತಿನಲ್ಲಿ ಇದನ್ನು ಹೇಳಿದಾಗ ಹಿರಿಯರೊಬ್ಬರು ಮಜ್ಜಿಗೆ ಲೋಟ ಕೆಳಗಿಟ್ಟು "ಇದೂ ಒಂದು ಇತಿಹಾಸವೇನಮ್ಮಾ?" ಎಂದರು. ಈ ಲೇಖನ ಅವರಿಗೆ ಕೊಡಲಾಗದೆ ಹೋದ ಉತ್ತರ.

ನುಗುವಿನಲ್ಲೇ ಒಂದು ತಮಾಷೆ ಅಡಗಿದೆ. ಒಂದು ತಂಡವನ್ನು ನುಗು ಎಂದು ಬೈಯಬೇಕಾದರೆ, ಮೊದಲು ಆ ತಂಡ ಇದೆ ಎಂದು ಬೈಯುವವರಿಗೆ ಗೊತ್ತಿರಬೇಕು. ತಂಗಿಗೆ ಆ ತಂಡದ ಸದಸ್ಯರ ಹೆಸರು, ಅವರು ಮೊದಲು ವೇದಿಕೆ ಹತ್ತಿದ ದಿನ, ಮಾರಾಟವಾದ ಆಲ್ಬಮ್ಮುಗಳ ಲೆಕ್ಕ ಎಲ್ಲವೂ ಬಾಯಿಪಾಠವಾಗಿತ್ತು. ನಿಜವಾಗಿಯೂ 'ಯಾರು?' ಎಂದು ಕೇಳುವಂತಿದ್ದವರು ನಾನು ಮತ್ತು ಅಮ್ಮ. ನಾವು ಬೈಯುತ್ತಿರಲಿಲ್ಲ. ಕೆ-ಪಾಪ್ ಅಭಿಮಾನಿಗಳ ಬೈಗುಳಗಳನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಕಷ್ಟವಾಗುವುದೇ ಇದರಿಂದ. ಶತ್ರುವಿನ ಬಗ್ಗೆ ಇಷ್ಟು ಶ್ರದ್ಧೆಯಿಂದ ಅಧ್ಯಯನ ಮಾಡಿದವರ ಬೈಗುಳದಲ್ಲಿ ಪ್ರೀತಿ ಎಷ್ಟು, ದ್ವೇಷ ಎಷ್ಟು ಎಂದು ಬೇರೆ ಮಾಡುವುದು ಹೇಗೆ?

ಈ ಜಗಳಗಳಿಗೆ ಒಂದು ಕಾಲವನ್ನು ಗುರುತಿಸಬೇಕೆಂದರೆ 1990ರ ದಶಕದ ದಕ್ಷಿಣ ಕೊರಿಯಾಕ್ಕೆ ಹೋಗಬೇಕು. ಅದಕ್ಕೂ ಮೊದಲು, 1980ರ ದಶಕದಲ್ಲಿ, ಗಾಯಕ ಚೋ ಯೊಂಗ್-ಪಿಲ್ ಹಾಡಲು ನಿಂತರೆ ಕಿರುಚುತ್ತಿದ್ದ ಹುಡುಗಿಯರ ಗುಂಪಿಗೆ ಪತ್ರಿಕೆಗಳು 'ಒಪ್ಪಾ ಬುದೆ', ಅಂದರೆ ಒಪ್ಪಾ ದಂಡು, ಎಂದು ಹೆಸರಿಟ್ಟಿದ್ದವು. ಒಪ್ಪಾ ಎಂದರೆ ಹೆಣ್ಣುಮಕ್ಕಳು ಅಣ್ಣನನ್ನು ಕರೆಯುವ ಮಾತು. ಅಣ್ಣನಲ್ಲದವನನ್ನೂ ಸಲುಗೆಯಿಂದ ಹಾಗೆ ಕರೆಯಬಹುದು. 1992ರಲ್ಲಿ ಸೊ ತೈಜಿ ಅಂಡ್ ಬಾಯ್ಸ್ ಬಂದು ಕೊರಿಯನ್ ಪಾಪ್‌ನ ದಿಕ್ಕನ್ನೇ ಬದಲಿಸಿತು. 1996ರಲ್ಲಿ ಎಸ್‌ಎಂ ಸಂಸ್ಥೆ ಎಚ್.ಓ.ಟಿ. ಎಂಬ ಐದು ಹುಡುಗರ ತಂಡವನ್ನು ಕಟ್ಟಿತು. ಮರುವರ್ಷವೇ ಎದುರಾಳಿ ಸಂಸ್ಥೆಯೊಂದು ಸೆಕ್ಸ್‌ಕೀಸ್ ಎಂಬ ಆರು ಹುಡುಗರನ್ನು ತಂದಿತು. ಆ ಹೆಸರು ಜರ್ಮನ್ ಭಾಷೆಯದು. ಆರು ಹರಳುಗಳು ಎಂಬ ಭಾವದಲ್ಲಿ ಇಟ್ಟದ್ದು, ಆದರೆ ಜರ್ಮನ್ನಿನಲ್ಲಿ ಕೀಸ್ ಎಂದರೆ ಜಲ್ಲಿಕಲ್ಲು. ಎದುರಾಳಿಗಳು ಬೈಯುವ ಮೊದಲು ಹೆಸರಿಟ್ಟವರೇ ಬೈದುಬಿಟ್ಟಿದ್ದರು.

ಎಚ್.ಓ.ಟಿ.ಯ ಅಭಿಮಾನಿಗಳದು ಬಿಳಿ ಬಲೂನು, ಬಿಳಿ ಮಳೆಕೋಟು. ಸೆಕ್ಸ್‌ಕೀಸ್‌ನವರದು ಹಳದಿ. ಕ್ರೀಡಾಂಗಣದಲ್ಲಿ ಯಾವ ಬಣ್ಣ ಹೆಚ್ಚು ಎಂಬುದೇ ಯುದ್ಧ. 2012ರಲ್ಲಿ ಬಂದ 'ರಿಪ್ಲೈ 1997' ಧಾರಾವಾಹಿ ಈ ಬಿಳಿ-ಹಳದಿ ಕಾಳಗವನ್ನೇ ನೆನಪಿಸಿಕೊಂಡು ಜನರನ್ನು ನಗಿಸಿತು. ಆ ಕಾಲದ ಒಂದು ಅತಿ ಸಣ್ಣ ಅವಮಾನ ನನಗೆ ಬಹಳ ಇಷ್ಟ. ತಂಡದ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಎಚ್.ಓ.ಟಿ. ಎನ್ನಬೇಕು. ಅದನ್ನು ಒಟ್ಟಿಗೆ 'ಹಾಟ್' ಎಂದು ಓದಿದರೆ ಮುಗಿಯಿತು, ಓದಿದವರು ಅಪ್ಪ ಅಮ್ಮನ ತಲೆಮಾರಿನವರು ಎಂದು ತೀರ್ಮಾನ. ಇಲ್ಲಿ ಬೈಗುಳವೇ ಇಲ್ಲ, ಬರೀ ಉಚ್ಚಾರಣೆ ಇದೆ. ಆದರೂ ಯಾರು ಒಳಗಿನವರು, ಯಾರು ಹೊರಗಿನವರು ಎಂಬುದು ಒಂದೇ ಉಸಿರಿನಲ್ಲಿ ಗೊತ್ತಾಗಿಬಿಡುತ್ತದೆ.

ಮನೆಮನೆಗೆ ಇಂಟರ್ನೆಟ್ ಬಂದ ಮೇಲೆ ಬೈಗುಳಗಳು ಬೆಳೆ ಬೆಳೆದಂತೆ ಬೆಳೆದವು. 1999ರಲ್ಲಿ ಡಿಜಿಟಲ್ ಕ್ಯಾಮೆರಾ ಪ್ರಿಯರಿಗಾಗಿ ಶುರುವಾದ ಡಿಸಿ ಇನ್‌ಸೈಡ್ ಎಂಬ ತಾಣ ನೋಡನೋಡುತ್ತ ಕೊರಿಯಾದ ಆಡುಮಾತಿನ ಕಮ್ಮಾರಸಾಲೆಯಾಯಿತು. ಅಲ್ಲಿ ಎಲ್ಲವನ್ನೂ ಕತ್ತರಿಸಿ ಚಿಕ್ಕದು ಮಾಡುವುದೇ ರೂಢಿ. ಒಪ್ಪಾದ ಬಾಲ ಕತ್ತರಿಸಿ 'ಪ್ಪಾ' ಉಳಿಸಿಕೊಂಡರು. ಪ್ಪಾ ಎಂದರೆ ಕಣ್ಣುಮುಚ್ಚಿ ಮೆಚ್ಚುವವರು. ಅದಕ್ಕೆ ಎದುರಾಗಿ 'ಕ್ಕಾ'. ಸಿಪ್ಪೆ ಸುಲಿಯುವುದು ಎಂಬ ಕ್ರಿಯಾಪದದಿಂದ ಬಂದ ಮಾತು. ಕ್ಕಾ ಎಂದರೆ ಕೂತಲ್ಲಿ ನಿಂತಲ್ಲಿ ಸುಲಿಯುವವರು. 'ಪ್ಪಾಗಳೇ ಕ್ಕಾಗಳನ್ನು ಹುಟ್ಟಿಸುತ್ತಾರೆ' ಎಂಬ ಗಾದೆಯೂ ಹುಟ್ಟಿತು. ಅಭಿಮಾನಿಗಳ ಅತಿರೇಕ ಕಂಡು ಬೇಸತ್ತವರೇ ವೈರಿಗಳಾಗುತ್ತಾರೆ ಎಂದು ಅರ್ಥ. ಇದನ್ನು ತಂಗಿಗೆ ಹೇಳಿದಾಗ ಅವಳು ತಡಮಾಡಲಿಲ್ಲ. "ನೋಡು, ನೀನು ನನಗೆ ಅಕ್ಕಾ. ಅದಕ್ಕೇ ಯಾವಾಗಲೂ ಸುಲಿಯೋದು."

ಹೀಗೆ ಕತ್ತರಿಸಿ ಜೋಡಿಸಿದ ಮಾತುಗಳ ಪಟ್ಟಿ ಉದ್ದವಿದೆ. ತಂಡದಲ್ಲಿ ಒಬ್ಬನನ್ನೇ ಮೆಚ್ಚಿ ಉಳಿದವರನ್ನೆಲ್ಲ ಬೈಯುವವರು 'ಅಕ್‌ಗೆ'. 'ದುಷ್ಟ ಬಿಡಿ-ಅಭಿಮಾನಿ' ಎಂಬುದರ ಸಂಕ್ಷಿಪ್ತ ರೂಪ ಅದು. ಆ 'ಗೆ'ಗೆ ಕೊರಿಯನ್‌ನಲ್ಲಿ ನಾಯಿ ಎಂಬ ಅರ್ಥವೂ ಇರುವುದು ಲಾಭದ ಮೇಲೆ ಲಾಭ. ಮುಖ ನೋಡಿ ಮಾತ್ರ ಮೆಚ್ಚುವವರು 'ಒಲ್‌ಪ್ಪಾ'. ಉಳಿದ ಅಭಿಮಾನಿಗಳು ಹೇಗೆ ನಡೆದುಕೊಳ್ಳಬೇಕೆಂದು ಉಪದೇಶ ಮಾಡುವವರು 'ಗೊನಾರಿ'. ಈ ಗೊನಾರಿಗೆ ನಿಘಂಟಿನಲ್ಲಿ ಅರ್ಥವೇ ಇರಲಿಲ್ಲ. ನಿರ್ವಹಣೆ, ಉಸ್ತುವಾರಿ ಎಂಬರ್ಥದ 'ಗ್ವಲ್ಲಿ' ಎಂಬ ಪದವನ್ನು ಟೈಪು ಮಾಡುವಾಗ ಬೆರಳು ತಪ್ಪಿದರೆ ಗೊನಾರಿ ಆಗುತ್ತದೆ. ಇನ್ನೊಬ್ಬರನ್ನು ತಿದ್ದಲು ಹೊರಟವರಿಗೆ ಕಾಗುಣಿತದ ತಪ್ಪಿನಿಂದಲೇ ಹೆಸರಿಟ್ಟಿದ್ದಾರೆ. ಹಸ್ತಪ್ರತಿ ತಿದ್ದಿಸಿಕೊಂಡು ಬಳಲಿದ ಯಾವ ಸಂಶೋಧನಾ ವಿದ್ಯಾರ್ಥಿಗೂ ಇದರ ರುಚಿ ಬಿಡಿಸಿ ಹೇಳಬೇಕಾಗಿಲ್ಲ. ನಟನೆ ಬಾರದ ಗಾಯಕರು ಮಾಡುವುದು 'ಕಾಲಿನ ನಟನೆ'. ಕೈಯಲ್ಲಿ ಮಾಡಬೇಕಾದ್ದನ್ನು ಕಾಲಲ್ಲಿ ಮಾಡಿದ ಹಾಗಿದೆ ಎಂಬ ಭಾವ.

ಇಷ್ಟರವರೆಗೆ ನಾನು ನಗುತ್ತಲೇ ಓದಿಕೊಂಡು ಬಂದೆ. ನಿಂತದ್ದು 'ಪ್ಪಾಸುನಿ' ಎಂಬ ಮಾತಿನ ಹತ್ತಿರ.

ಪ್ಪಾಸುನಿ ಎಂದರೆ ಹುಚ್ಚು ಅಭಿಮಾನಿ ಹುಡುಗಿ. ಮೊದಲ ಭಾಗ ಒಪ್ಪಾದ ತುಂಡು. ಎರಡನೆಯದು 'ಸುನಿ', ಹಳ್ಳಿಯ ಹುಡುಗಿಯರಿಗೆ ಸಾಮಾನ್ಯವಾಗಿದ್ದ ಹೆಸರು. ನಮ್ಮಲ್ಲಿ ಕೆಂಪಿ, ನಿಂಗಿ ಎಂದು ಕೂಗುವಾಗ ಕೆಲವರ ದನಿಯಲ್ಲಿ ಬರುವ ತಾತ್ಸಾರವನ್ನು ನೆನಪಿಸಿಕೊಳ್ಳಿ. ಈ 'ಸುನಿ'ಯನ್ನು ಬಾಲದಂತೆ ಅಂಟಿಸುವ ಪದ್ಧತಿ ಕೆ-ಪಾಪ್‌ಗಿಂತ ಹಳೆಯದು. ದೇಶ ವೇಗವಾಗಿ ಕೈಗಾರಿಕೀಕರಣಗೊಳ್ಳುತ್ತಿದ್ದ 1960-70ರ ದಶಕಗಳಲ್ಲಿ ಹಳ್ಳಿಗಳಿಂದ ಸೋಲ್ ನಗರಕ್ಕೆ ಬಂದು ಬಟ್ಟೆ, ವಿಗ್ಗು, ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ದುಡಿದ ಹುಡುಗಿಯರನ್ನು 'ಗೊಂಗ್‌ಸುನಿ', ಅಂದರೆ ಕಾರ್ಖಾನೆ-ಸುನಿ, ಎಂದು ಹಂಗಿಸುತ್ತಿದ್ದರು. ಮನೆಗೆಲಸದವಳು 'ಶಿಕ್‌ಸುನಿ'. 1970ರ ನವೆಂಬರ್ 13ರಂದು ಸೋಲ್‌ನ ಪ್ಯೊಂಗ್ವಾ ಮಾರುಕಟ್ಟೆಯಲ್ಲಿ ಚೊನ್ ತೆ-ಇಲ್ ಎಂಬ 22 ವರ್ಷದ ದರ್ಜಿ ಕಾರ್ಮಿಕ ಕಾನೂನು ಜಾರಿಯಾಗಲಿ ಎಂದು ಕೂಗಿ ಬೆಂಕಿ ಹಚ್ಚಿಕೊಂಡು ಸತ್ತ. ಆತ ಕಂಡು ಮರುಗಿದ್ದು ಇಂಥ ಹುಡುಗಿಯರ ಬದುಕನ್ನೇ, ಗಾಳಿಬೆಳಕಿಲ್ಲದ ಅಟ್ಟದ ಮೇಲೆ ಹೊಲಿಗೆ ಹಾಕುತ್ತಿದ್ದ ಹದಿಹರೆಯದವರನ್ನು. ಪ್ಪಾಸುನಿ ಎಂಬ ಮಾತಿಗೂ ಅಭಿಮಾನಿಗಳಿಗಿಂತ ಹಿಂದಿನ ಒಂದು ಬಳಕೆ ಇತ್ತು. ಬಾರುಗಳಲ್ಲಿ ದುಡಿಯುವ ಹೆಣ್ಣನ್ನು ಹಾಗೆ ಕರೆಯುತ್ತಿದ್ದರು.

ಅಂದರೆ 1990ರ ದಶಕದಲ್ಲಿ ಬಿಳಿ ಬಲೂನು ಹಿಡಿದ ಶಾಲಾ ಹುಡುಗಿಗೆ ಅಂಟಿದ ಬೈಗುಳ ಹೊಸದಾಗಿ ಹುಟ್ಟಿದ್ದಲ್ಲ. ದುಡಿಯುವ ಹೆಣ್ಣನ್ನು ಹಂಗಿಸಲು ಇಟ್ಟುಕೊಂಡಿದ್ದ ಅಚ್ಚಿನಲ್ಲೇ ಸಂತೋಷಪಡುವ ಹೆಣ್ಣನ್ನೂ ಎರಕ ಹೊಯ್ದಿದ್ದರು. ಆದರೆ ಈ ಮಾತಿನ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. 2000ದ ದಶಕದಲ್ಲಿ ಪ್ಪಾ ಹುಡುಗಿಯರನ್ನು ಬಿಟ್ಟು ರಾಜಕೀಯಕ್ಕೆ ಹೋಯಿತು. ಅಧ್ಯಕ್ಷ ರೋ ಮೂ-ಹ್ಯುನ್ ಬೆಂಬಲಿಗರು 'ನೋಪ್ಪಾ'ಗಳಾದರು. 2005ರಲ್ಲಿ ಕಾಂಡಕೋಶ ವಿಜ್ಞಾನಿ ಹ್ವಾಂಗ್ ಊ-ಸುಕ್ ಅವರ ಸಂಶೋಧನೆ ಕಪಟವೆಂಬ ವಿವಾದ ಎದ್ದಾಗ ಇಡೀ ದೇಶ ಹ್ವಾಂಗ್‌ಪ್ಪಾ ಮತ್ತು ಹ್ವಾಂಗ್‌ಕ್ಕಾ ಎಂದು ಎರಡು ಹೋಳಾಯಿತು. ಟೈ ಕಟ್ಟಿದ ಗಂಡಸರು, ಪ್ರೊಫೆಸರುಗಳು, ಅಂಕಣಕಾರರು ಒಬ್ಬರನ್ನೊಬ್ಬರು ಬೈಯಲು ಎರವಲು ಪಡೆದದ್ದು ಒಂದು ಕಾಲದಲ್ಲಿ ಒಂಬತ್ತನೇ ತರಗತಿಯ ಹುಡುಗಿಯರನ್ನು ಹಂಗಿಸಲು ಮಾಡಿದ ಮಾತನ್ನು. ಸಂಕಿರಣದ ಹಿರಿಯರಿಗೆ ನಾನು ಹೇಳಬೇಕಿದ್ದುದು ಬಹುಶಃ ಇದೇ.

ಮಾತೇ ಇಲ್ಲದ ಒಂದು ಬೈಗುಳವನ್ನೂ ಇಲ್ಲಿ ಹೇಳಬೇಕು. ಬಲೂನುಗಳ ಜಾಗಕ್ಕೆ ದೀಪದ ಕೋಲುಗಳು ಬಂದ ಮೇಲೆ, ನೆಚ್ಚಿನ ತಂಡ ವೇದಿಕೆಗೆ ಬಂದಾಗ ಕ್ರೀಡಾಂಗಣವನ್ನು ಬೆಳಕಿನ ಕಡಲು ಮಾಡುವುದು ಅಭಿಮಾನಿಗಳ ಹೆಮ್ಮೆಯಾಯಿತು. 2008ರ ಜೂನ್ 7ರಂದು ಸೋಲ್‌ನ ಡ್ರೀಮ್ ಕನ್ಸರ್ಟ್‌ನಲ್ಲಿ, ಹಿಂದಿನ ವರ್ಷವಷ್ಟೇ ಬಂದಿದ್ದ ಗರ್ಲ್ಸ್ ಜನರೇಷನ್ ತಂಡದ ಹದಿಹರೆಯದ ಒಂಬತ್ತು ಹುಡುಗಿಯರು ವೇದಿಕೆ ಹತ್ತಿದಾಗ, ಬೇರೆ ತಂಡಗಳ ಅಭಿಮಾನಿಗಳು ಒಪ್ಪಂದ ಮಾಡಿಕೊಂಡವರಂತೆ ದೀಪಗಳನ್ನೆಲ್ಲ ಆರಿಸಿ ಮೌನವಾಗಿ ಕೂತರು. ಸುಮಾರು ಹತ್ತು ನಿಮಿಷ. ಅದಕ್ಕೆ 'ಕಪ್ಪು ಕಡಲು' ಎಂದು ಹೆಸರು ಬಂತು. ದೃಶ್ಯವನ್ನು ನೋಡಿದಾಗ ಮೊದಲು ನನಗೆ ನಗು ಬಂತು. ಸಾವಿರಾರು ಜನ ಟಿಕೆಟು ಕೊಟ್ಟು ಬಂದು ಮುನಿಸಿಕೊಂಡು ಕತ್ತಲಲ್ಲಿ ಕೂತಿದ್ದಾರೆ! ಆಮೇಲೆ ಕತ್ತಲಿನ ಎದುರು ಕುಣಿಯುತ್ತಲೇ ಇರುವ ಆ ಹುಡುಗಿಯರನ್ನು ನೋಡಿದೆ. ನಗು ನಿಂತಿತು.

ನಗು ಉಳಿದ ಕಥೆಗಳೂ ಇವೆ. ಸೆಕ್ಸ್‌ಕೀಸ್‌ನ ಚಾಂಗ್ ಸು-ವನ್ 2013ರಲ್ಲಿ ಒಂದು ಟಿವಿ ನಾಟಕದಲ್ಲಿ ನಟಿಸಿದರು. ಮುಖದಲ್ಲಿ ಒಂದು ಗೆರೆಯೂ ಅಲುಗದ ಆ ನಟನೆಗೆ ಜನ 'ರೋಬಾಟ್ ನಟನೆ' ಎಂದರು. ಬೇರೆ ಯಾರಾದರೂ ಆಗಿದ್ದರೆ ಮನೆ ಸೇರಿಕೊಳ್ಳುತ್ತಿದ್ದರು. ಇವರು ಅದನ್ನೇ ಹೊಟ್ಟೆಪಾಡು ಮಾಡಿಕೊಂಡರು. 2015ರಲ್ಲಿ ಜನಪ್ರಿಯ ಧಾರಾವಾಹಿ 'ಮಿಸೆಂಗ್' ಅನ್ನು ಅಣಕಿಸುವ ಕಾರ್ಯಕ್ರಮದಲ್ಲಿ ಅವರೇ ನಾಯಕ. ಆರು ಜಲ್ಲಿಕಲ್ಲುಗಳಲ್ಲಿ ಒಂದಾದರೂ ಕಲ್ಲಿನಂತಿರುವುದೇ ತನ್ನ ಗುಣ ಎಂದು ಒಪ್ಪಿಕೊಂಡಿತು.

ಎಲ್ಲಕ್ಕಿಂತ ದೊಡ್ಡ ಕಥೆ ರೇನ್ ಅವರದು. 2002ರಿಂದ ಹಾಡುತ್ತ ಬಂದ, ಒಂದು ಕಾಲಕ್ಕೆ ಏಷ್ಯಾದಾದ್ಯಂತ ಮೆರೆದ ತಾರೆ. 2017ರ ಡಿಸೆಂಬರಿನಲ್ಲಿ 'ಕ್ಕಾಂಗ್' ಎಂಬ ಹಾಡು ತಂದರು. ಕಾಲ ಬದಲಾಗಿದ್ದರೂ ಅವರು ಬದಲಾಗಿರಲಿಲ್ಲ. ತನ್ನನ್ನೇ ಹೊಗಳಿಕೊಳ್ಳುವ ಹಾಡು, ತುಟಿ ಕಚ್ಚುವ ಭಂಗಿ. ಅದು ಸೋತಿತು. 2019ರ ಫೆಬ್ರವರಿಯಲ್ಲಿ ಅವರು ನಾಯಕರಾಗಿದ್ದ, ಜಪಾನಿ ಆಳ್ವಿಕೆಯ ಕಾಲದ ಸೈಕಲ್ ವೀರ ಒಮ್ ಬೊಕ್-ದೊಂಗ್ ಕುರಿತ ದೊಡ್ಡ ಬಜೆಟ್ಟಿನ ಸಿನಿಮಾ ಬಂತು. ಅದನ್ನು ನೋಡಿದವರು ಸುಮಾರು 1 ಲಕ್ಷ 70 ಸಾವಿರ ಜನ. ಆಗ ಕಿಡಿಗೇಡಿಗಳು ಒಂದು ಹೊಸ ಅಳತೆಯ ಮಾನವನ್ನೇ ಕಂಡುಹಿಡಿದರು: ಯುಬಿಡಿ. ಒಮ್ ಬೊಕ್-ದೊಂಗ್ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳು. 1 ಯುಬಿಡಿ ಎಂದರೆ 1 ಲಕ್ಷ 70 ಸಾವಿರ ಪ್ರೇಕ್ಷಕರು. ಅದೇ ವರ್ಷ ಬಂದ 'ಪ್ಯಾರಸೈಟ್' ಅನ್ನು ಕೊರಿಯಾದಲ್ಲಿ ಒಂದು ಕೋಟಿಗೂ ಹೆಚ್ಚು ಜನ ನೋಡಿದರು, ಅಂದರೆ ಸುಮಾರು 60 ಯುಬಿಡಿ. ಸೇರು, ಪಾವು, ಕೊಳಗದ ಹಾಗೆ ಒಬ್ಬ ನಟನ ಸೋಲು ಅಳತೆಯ ಪಾತ್ರೆಯಾಯಿತು.

ಇಷ್ಟು ನಿಷ್ಕರುಣೆಯ ತಮಾಷೆ ಮುಂದೆ ತಿರುಗಿದ ರೀತಿ ವಿಚಿತ್ರವಾಗಿದೆ. ಜನ ಕ್ಕಾಂಗ್ ಹಾಡಿನ ವಿಡಿಯೊವನ್ನು ಹಂಗಿಸಲೆಂದು ನೋಡತೊಡಗಿದರು. ನೋಡಿ ಕೆಳಗೆ ಒಂದು ಕುಹಕ ಬರೆಯುವುದು, ನಾಳೆ ಹೊಸ ಕುಹಕ ಓದಲು ಮತ್ತೆ ಬರುವುದು. 'ದಿನಕ್ಕೊಂದು ಕ್ಕಾಂಗ್' ಎಂಬುದು ಮಾತ್ರೆಯ ಚೀಟಿಯಂತೆ ಹರಡಿತು. ಆ ನಡುವೆ ರೇನ್ ಅಭಿಮಾನಿಯೆಂದು ಹೇಳಿಕೊಂಡ ಒಬ್ಬರು ಅವರಿಗೆ 'ಸಿಮು 20 ಅಂಶ'ಗಳನ್ನು ಬರೆದರು. ಇದರ ಮೂಲ ಎಲ್ಲಿಯದೆಂದರೆ, ಕ್ರಿ.ಶ. 982ರಲ್ಲಿ ಛ್ವೆ ಸುಂಗ್‌ನೋ ಎಂಬ ಕನ್ಫ್ಯೂಷಿಯನ್ ಪಂಡಿತ ಗೊರ್ಯೊ ರಾಜ್ಯದ ದೊರೆ ಸೊಂಗ್‌ಜೊಂಗ್‌ಗೆ ಆಡಳಿತ ಸುಧಾರಣೆಗಾಗಿ 28 ಅಂಶಗಳ ಬಿನ್ನವತ್ತಳೆ ಸಲ್ಲಿಸಿದ್ದ. ಅದರಲ್ಲಿ 22 ಇಂದಿಗೂ ಉಳಿದಿವೆ. ಕೊರಿಯಾದ ಮಕ್ಕಳು ಶಾಲೆಯಲ್ಲಿ ಅದನ್ನು ಓದುತ್ತಾರೆ. ದೊರೆಯ ತಪ್ಪನ್ನು ಅವನ ಮುಂದೆಯೇ ಹೇಳುವ ಸಾವಿರ ವರ್ಷ ಹಳೆಯ ಆ ಗಂಭೀರ ರೂಪದಲ್ಲಿ ಈಗ ಬಂದದ್ದು: ತುಟಿ ಕಚ್ಚುವುದನ್ನು ನಿಲ್ಲಿಸಬೇಕು, ತುಂಟ ಮುಖ ಮಾಡುವುದನ್ನು ಬಿಡಬೇಕು, ಹೀಗೆ ಇಪ್ಪತ್ತು. ಇದನ್ನು ಬರೆದವರು ಬೈಯುತ್ತಿದ್ದಾರೋ ಬೇಡಿಕೊಳ್ಳುತ್ತಿದ್ದಾರೋ ಹೇಳುವುದು ಕಷ್ಟ. ಬಿನ್ನವತ್ತಳೆಯ ಸ್ವಭಾವವೇ ಅದು. ದೊರೆಯ ಮೇಲೆ ನಂಬಿಕೆ ಪೂರ್ತಿ ಹೋದವನು ಬಿನ್ನವತ್ತಳೆ ಬರೆಯುವುದಿಲ್ಲ.

2020ರ ಮೇ ತಿಂಗಳಲ್ಲಿ ರೇನ್ ಒಂದು ಪ್ರಸಿದ್ಧ ಟಿವಿ ಕಾರ್ಯಕ್ರಮಕ್ಕೆ ಬಂದರು. ಎಲ್ಲರೂ ಅವರ ಮುಖ ನೋಡುತ್ತಿದ್ದರು. ಅವರು ನಕ್ಕು, ದಿನಕ್ಕೊಂದು ಕ್ಕಾಂಗ್ ಸಾಲದು, ಮೂರಾದರೂ ಬೇಕು ಎಂಬರ್ಥದ ಮಾತಾಡಿದರು. ಇಪ್ಪತ್ತು ಅಂಶಗಳಲ್ಲಿ ಯಾವುದನ್ನು ಬಿಡಬಲ್ಲೆ, ಯಾವುದನ್ನು ಬಿಡಲಾರೆ ಎಂದು ಚೌಕಾಶಿ ಮಾಡಿದರು. 1971ರಿಂದ ಮಾರಾಟದಲ್ಲಿರುವ 'ಸೆಉಕ್ಕಾಂಗ್' ಎಂಬ ಸೀಗಡಿ ರುಚಿಯ ಕುರುಕಲು ತಿಂಡಿಯ ಕಂಪನಿ, ಹೆಸರಿನ ಬಾಲ ಹೊಂದಿದ್ದನ್ನು ಕಂಡು, ಅವರನ್ನೇ ಜಾಹೀರಾತಿಗೆ ಕರೆಯಿತು. ಬೈಗುಳ ತಿಂದವರು ಕೊನೆಗೆ ಅದನ್ನು ಪೊಟ್ಟಣ ಕಟ್ಟಿ ಮಾರಿದರು.

ಆದರೆ ಅದೇ ತಿಂಗಳು ಇನ್ನೊಂದು ಘಟನೆ ನಡೆಯಿತು. ಕೊರಿಯಾ ಸರ್ಕಾರದ ಅಂಕಿಅಂಶ ಇಲಾಖೆ ತನ್ನ ಅಧಿಕೃತ ಖಾತೆಯಿಂದ ಆ ಹಾಡಿನ ಕೆಳಗೆ ಒಂದು ಟಿಪ್ಪಣಿ ಬರೆಯಿತು: ಕ್ಕಾಂಗ್ ಸಮೀಕ್ಷೆಗೆ ಬಂದಿದ್ದೇವೆ ಎಂದು ಹೇಳಿ, ವಿಡಿಯೊ ಎಷ್ಟು ಜನ ನೋಡಿದ್ದಾರೆಂಬುದನ್ನು ಯುಬಿಡಿ ಲೆಕ್ಕದಲ್ಲಿ ಕೊಟ್ಟಿತು. ಅಲ್ಲಿಯವರೆಗೆ ಅದೇ ಜೋಕಿಗೆ ಬಿದ್ದು ಬಿದ್ದು ನಗುತ್ತಿದ್ದ ಜನರೇ ಸಿಟ್ಟಾದರು. ಸರ್ಕಾರಿ ಕಚೇರಿಯೊಂದು ಒಬ್ಬ ಪ್ರಜೆಯನ್ನು ಹಂಗಿಸಬಹುದೇ? ಇಲಾಖೆ ಕ್ಷಮೆ ಕೇಳಬೇಕಾಯಿತು. ಮಾತು ಅದೇ, ಲೆಕ್ಕವೂ ಅದೇ. ಆಡಿದ ಬಾಯಿ ಬೇರೆ. ಓಣಿಯ ಗೆಳೆಯ ಕರೆಯುವ ಅಡ್ಡಹೆಸರನ್ನು ತಹಶೀಲ್ದಾರರು ಕರೆದರೆ ಹೇಗಿರುತ್ತದೋ ಹಾಗೆ. ಬೈಗುಳ ತಮಾಷೆಯೋ ಅಲ್ಲವೋ ಎಂಬುದು ನಿಘಂಟಿನಲ್ಲಿ ಸಿಗುವುದಿಲ್ಲವೆಂದು ನನಗೆ ಸ್ಪಷ್ಟವಾದದ್ದು ಈ ಘಟನೆಯಿಂದ.

ಕೊರಿಯಾದ ಕಾನೂನು ಮಾತ್ರ ಈ ಪ್ರಶ್ನೆಯನ್ನು ನ್ಯಾಯಾಲಯದಲ್ಲೇ ಕೇಳುತ್ತದೆ. ಅಲ್ಲಿನ ದಂಡಸಂಹಿತೆಯ 311ನೇ ವಿಧಿಯ ಪ್ರಕಾರ ಒಬ್ಬರನ್ನು ಬಹಿರಂಗವಾಗಿ ಅವಮಾನಿಸುವುದೇ ಅಪರಾಧ. ಒಂದು ವರ್ಷದವರೆಗೆ ಸೆರೆ ಅಥವಾ 20 ಲಕ್ಷ ವನ್‌ವರೆಗೆ ದಂಡ. ಡಿಸಿ ಇನ್‌ಸೈಡ್ ಕಾಲದ ಇನ್ನೊಂದು ಮಾತು 'ದುತ್‌ಬೋಜಾಪ್': ಕೇಳಿಲ್ಲದ, ಕಂಡಿಲ್ಲದ, ಕಸದಂಥವನು ಎಂಬ ವಾಕ್ಯದ ಮೊದಲಕ್ಷರಗಳು. ನುಗುವಿನ ಒರಟು ಅಣ್ಣ ಎನ್ನಬಹುದು. 2009ರಲ್ಲಿ ಪ್ರಸಿದ್ಧ ವಿಮರ್ಶಕರೊಬ್ಬರು ತಮ್ಮ ರಾಜಕೀಯ ಎದುರಾಳಿಯನ್ನು ಹಾಗೆ ಕರೆದರು. ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 2011ರಲ್ಲಿ ಶಿಕ್ಷೆ ಖಾಯಂ ಆಯಿತು. 311ನೇ ವಿಧಿಯೇ ಸರಿಯಲ್ಲವೆಂಬ ಅವರ ವಾದವನ್ನು 2013ರಲ್ಲಿ ಸಂವಿಧಾನ ನ್ಯಾಯಾಲಯ ಒಪ್ಪಲಿಲ್ಲ. ಗಂಭೀರ ಮುಖದ ನ್ಯಾಯಾಧೀಶರು ಕುಳಿತು ದುತ್‌ಬೋಜಾಪ್ ಎಂಬ ಪದವನ್ನು ಬಿಡಿಸಿ ಅರ್ಥ ಹೇಳಿದ ದೃಶ್ಯವನ್ನು ಕಲ್ಪಿಸಿಕೊಂಡರೆ ನಗು ಬರುತ್ತದೆ. ಆದರೆ ಮುಂದಿನ ಸಂಗತಿ ನೆನೆದರೆ ಅವರು ಸುಮ್ಮನೆ ಕೂತಿರಲಿಲ್ಲ ಎನಿಸುತ್ತದೆ.

2019ರ ಜೂನಿನಲ್ಲಿ ಜೆಟಿಬಿಸಿ2 ವಾಹಿನಿಯಲ್ಲಿ 'ಅಕ್‌ಪುಲ್‌ನ ರಾತ್ರಿ' ಎಂಬ ಕಾರ್ಯಕ್ರಮ ಶುರುವಾಯಿತು. ಅಕ್‌ಪುಲ್ ಎಂದರೆ ಕೆಟ್ಟ ಟಿಪ್ಪಣಿ. ತಾರೆಯರು ಬಂದು ತಮ್ಮ ಬಗ್ಗೆ ಜನ ಬರೆದ ಬೈಗುಳಗಳನ್ನು ತಾವೇ ಗಟ್ಟಿಯಾಗಿ ಓದಬೇಕು, 'ಒಪ್ಪಿದೆ' ಅಥವಾ 'ಒಪ್ಪಲ್ಲ' ಎನ್ನಬೇಕು. ಬೈಗುಳವನ್ನು ಬೆಳಕಿಗೆ ಎಳೆದು ನಕ್ಕುಬಿಟ್ಟರೆ ಅದರ ವಿಷ ಇಳಿಯುತ್ತದೆ ಎಂಬ ನಂಬಿಕೆ. ನಿರೂಪಕರಲ್ಲಿ ಒಬ್ಬರು ಎಫ್(ಎಕ್ಸ್) ತಂಡದಲ್ಲಿದ್ದ ಸಲ್ಲಿ. ಮೊದಲ ಸಂಚಿಕೆಯಲ್ಲಿ ಅವರೂ ತಮ್ಮ ಪಾಲಿನದನ್ನು ಓದಿದರು. ಅದೇ ವರ್ಷ ಅಕ್ಟೋಬರ್ 14ರಂದು, 25ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ನವೆಂಬರ್ 24ರಂದು ಅವರ ಗೆಳತಿ, ಕಾರಾ ತಂಡದ ಗೂ ಹಾರಾ. ಸಾವುಗಳಿಗೆ ಇದೇ ಕಾರಣ ಎಂದು ಹೊರಗಿನವರಾದ ನಾವು ಬರೆಯಬಾರದು, ನಾನೂ ಬರೆಯುವುದಿಲ್ಲ. ಆದರೆ ಕಾರ್ಯಕ್ರಮ ನಿಂತಿತು. 2019ರ ಅಕ್ಟೋಬರ್ ಕೊನೆಗೆ ದಾವುಮ್ ತಾಣ, 2020ರ ಮಾರ್ಚ್‌ನಲ್ಲಿ ನೇವರ್ ತಾಣ, ಮನರಂಜನೆ ಸುದ್ದಿಗಳ ಕೆಳಗೆ ಟಿಪ್ಪಣಿ ಬರೆಯುವ ಜಾಗವನ್ನೇ ಮುಚ್ಚಿದವು.

ರೇನ್ ನಕ್ಕರು, ಚಾಂಗ್ ಸು-ವನ್ ನಕ್ಕರು. ಹಾಗಾದರೆ ನಗುವುದೇ ಮದ್ದು ಎಂದು ಹೇಳಿ ಲೇಖನ ಮುಗಿಸಬಹುದಿತ್ತು. ಸಲ್ಲಿಯೂ ನಕ್ಕಿದ್ದರು. ಯಾವುದಕ್ಕೆ ನಕ್ಕದ್ದು ಎಂಬುದು ಮುಖ್ಯವೆಂದು ಈಗ ಅನ್ನಿಸುತ್ತದೆ. ಯುಬಿಡಿ ಒಂದು ಸಿನಿಮಾದ ಸೋಲಿನ ಬಗ್ಗೆ, ಸಿಮು 20 ತುಟಿ ಕಚ್ಚುವ ಅಭ್ಯಾಸದ ಬಗ್ಗೆ, ಕಾಲಿನ ನಟನೆ ಒಂದು ಪಾತ್ರದ ಬಗ್ಗೆ. ಅವು ಕೆಲಸವನ್ನು ಬೈಯುತ್ತವೆ. ಮುಂದಿನ ಹಾಡು ಚೆನ್ನಾಗಿ ಬಂದರೆ ಬೈಗುಳ ಬಿದ್ದುಹೋಗುತ್ತದೆ. ಸಲ್ಲಿಗೆ ವರ್ಷಗಟ್ಟಲೆ ಬಂದದ್ದು ಉಟ್ಟ ಬಟ್ಟೆ, ಪ್ರೀತಿಸಿದ ಮನುಷ್ಯ, ಹೆಣ್ಣಾಗಿ ಬದುಕಿದ ರೀತಿಯ ಬಗ್ಗೆ. ಅದರಿಂದ ಬಿಡಿಸಿಕೊಳ್ಳಲು ಯಾವ ಮುಂದಿನ ಹಾಡೂ ಇರುವುದಿಲ್ಲ. ಪ್ಪಾಸುನಿಯ 'ಸುನಿ' ಆ ಜಾತಿಯದು.

ಇದು ನನಗೆ ಪುಸ್ತಕ ಓದಿ ತಿಳಿದದ್ದಲ್ಲ. ಎರಡು ವರ್ಷದ ಹಿಂದೆ ಒಂದು ರಾತ್ರಿ ತಂಗಿ ನನಗೆ ಫೋನು ಮಾಡಿದಳು. ಮೊದಲು ಮಾತಾಡಲೇ ಇಲ್ಲ. ಯಾವುದೋ ತಂಡದ ಅಭಿಮಾನಿಗಳ ಜೊತೆ ಎಂದಿನಂತೆ ನುಗು, ಅಕ್‌ಗೆ ಅಂತ ಜಗಳ ನಡೆದಿತ್ತಂತೆ. ಆ ಕಡೆಯಿಂದ ಯಾರೋ ಅವಳ ಹಳೆಯ ಫೋಟೊ ಹುಡುಕಿ ತೆಗೆದು, ಅವಳ ಮೈಬಣ್ಣದ ಬಗ್ಗೆ, ದೇಶದ ಬಗ್ಗೆ ಬರೆದಿದ್ದರು. ನೂರಾರು ಜನ ಅದಕ್ಕೆ ನಗುವ ಚಿತ್ರ ಒತ್ತಿದ್ದರು. "ನಾನು ಅವರ ಗ್ರೂಪಿಗೆ ಬೈದೆ ಕಣಕ್ಕ. ಅವರು ನನಗೆ ಬೈದ್ರು," ಅಂದಳು. ನಾನು ಇಷ್ಟು ದಿನ ಪುಟಗಟ್ಟಲೆ ಟಿಪ್ಪಣಿ ಮಾಡಿಕೊಂಡದ್ದನ್ನು ಅವಳು ಎರಡು ವಾಕ್ಯದಲ್ಲಿ ಹೇಳಿದ್ದಳು.

ಆ ರಾತ್ರಿ ನನಗೆ ನೆನಪಾದದ್ದು ಬೇರೆ. ಅವಳು ಪಿಯುಸಿಯಲ್ಲಿದ್ದಾಗ ಗೋಡೆಗೆ ಬಿಟಿಎಸ್ ಪೋಸ್ಟರು ಅಂಟಿಸಿದ್ದಳು. ಅದನ್ನು ನೋಡಿ "ಇದೇನೇ, ಲಿಪ್‌ಸ್ಟಿಕ್ ಹಾಕ್ಕೊಂಡು ಹುಡುಗೀರ ಥರ ಇದಾರಲ್ಲೇ" ಅಂದವಳು ನಾನೇ. ಮನೆಯವರೆಲ್ಲ ನಕ್ಕಿದ್ದರು. ಅವಳೂ ನಕ್ಕಿದ್ದಳು. 'ಹುಡುಗೀರ ಥರ' ಎಂಬುದು ಬೈಗುಳ ಹೇಗಾಗುತ್ತದೆ ಎಂದು ಇಬ್ಬರು ಹುಡುಗಿಯರಿದ್ದ ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನು ಪೋಸ್ಟರಿನ ಹುಡುಗರನ್ನು ಬೈದೆನೆಂದುಕೊಂಡಿದ್ದೆ. ತಗುಲಿದ್ದು ಅದನ್ನು ಅಂಟಿಸಿದವಳಿಗೆ. ಸೋಲ್‌ನ ಯಾರೋ ಕಂಡುಹಿಡಿದ ಸುನಿಯನ್ನು ನಾನು ಸರಗೂರಿನಲ್ಲಿ ಬೇರೆ ಹೆಸರಲ್ಲಿ ಬಳಸಿದ್ದೆ.

ಬೈಗುಳಕ್ಕೆ ಒಳಗಾದವರು ಸುಮ್ಮನೆ ಕೂರುವುದಿಲ್ಲ ಎಂಬುದೂ ಈ ಇತಿಹಾಸದ ಭಾಗ. ತಾರೆ ತನ್ನನ್ನೇ ಮದುವೆಯಾಗುತ್ತಾನೆಂದು ನಂಬಿದ ಅಭಿಮಾನಿಯನ್ನು ಹಂಗಿಸಲು ಇಂಗ್ಲಿಷಿನ ಕೆ-ಪಾಪ್ ಅಭಿಮಾನಿಗಳು 'ಡೆಲುಲು' ಎಂಬ ಮಾತು ಮಾಡಿದ್ದರು, ಭ್ರಮೆಯಲ್ಲಿರುವವಳು ಎಂಬುದರ ಮುದ್ದು ರೂಪ. ಕೆಲವೇ ವರ್ಷಗಳಲ್ಲಿ ಹುಡುಗಿಯರು ತಮ್ಮನ್ನೇ ಡೆಲುಲು ಎಂದು ಕರೆದುಕೊಂಡು ನಗತೊಡಗಿದರು. 2025ರಲ್ಲಿ ಕೇಂಬ್ರಿಡ್ಜ್ ನಿಘಂಟು ಅದನ್ನು ಸೇರಿಸಿಕೊಂಡಿತು. ಕೊರಿಯಾದಲ್ಲಿ ಪ್ಪಾಸುನಿಯರೂ ತಾವು ತಾವೇ ಮಾತಾಡಿಕೊಳ್ಳುವಾಗ ಆ ಹೆಸರನ್ನು ಸಲೀಸಾಗಿ ಬಳಸುತ್ತಾರೆ. ಹೊರಗಿನವರು ಬಳಸಿದರೆ ಮಾತ್ರ ಅದು ಮತ್ತೆ ಬೈಗುಳ.

2016ರ ಕೊನೆಯಲ್ಲಿ ಅಧ್ಯಕ್ಷೆ ಪಾರ್ಕ್ ಗುನ್-ಹೆ ವಿರುದ್ಧ ಲಕ್ಷಾಂತರ ಜನ ಮೇಣದಬತ್ತಿ ಹಿಡಿದು ಬೀದಿಗಿಳಿದಿದ್ದರು. ಆಗ ಆಳುವ ಪಕ್ಷದ ಸಂಸದರೊಬ್ಬರು ಗಾಳಿ ಬೀಸಿದರೆ ಮೇಣದಬತ್ತಿಗಳು ಆರಿಹೋಗುತ್ತವೆ ಎಂದು ಹಗುರವಾಗಿ ಮಾತಾಡಿದರು. ಜನ ಆರದ ಎಲ್‌ಇಡಿ ಮೇಣದಬತ್ತಿಗಳನ್ನು ತಂದರು. ಎಂಟು ವರ್ಷದ ನಂತರ, 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸುಕ್-ಯೊಲ್ ಸೇನಾ ಕಾನೂನು ಘೋಷಿಸಿದರು. ಅದನ್ನು ಕೆಲವೇ ಗಂಟೆಗಳಲ್ಲಿ ಸಂಸತ್ತು ತಳ್ಳಿಹಾಕಿದ ಮೇಲೆ, ಸಂಸತ್ತಿನ ಮುಂದಿನ ಬೀದಿಗಳಲ್ಲಿ ಚಳಿಯಲ್ಲಿ ನಿಂತವರಲ್ಲಿ ದೊಡ್ಡ ಪಾಲು ಯುವತಿಯರು. ಅವರ ಕೈಯಲ್ಲಿದ್ದುದು ಕೆ-ಪಾಪ್ ತಂಡಗಳ ದೀಪದ ಕೋಲುಗಳು. ಕ್ರೀಡಾಂಗಣದಲ್ಲಿ ಜಗಳವಾಡುವ ತಂಡಗಳ ಕೋಲುಗಳೆಲ್ಲ ಅಕ್ಕಪಕ್ಕ ಉರಿಯುತ್ತಿದ್ದವು. ಅವರು ಹಾಡಿದ ಹಾಡುಗಳಲ್ಲಿ ಒಂದು ಗರ್ಲ್ಸ್ ಜನರೇಷನ್ ತಂಡದ 2007ರ ಮೊದಲ ಹಾಡು. 2016ರ ಬೇಸಿಗೆಯಲ್ಲಿ ಇಹ್ವಾ ಮಹಿಳಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ಪೊಲೀಸರ ಎದುರು ಕೈಕೈ ಹಿಡಿದು ಹಾಡಿದಾಗಿನಿಂದ ಅದು ಪ್ರತಿಭಟನೆಯ ಹಾಡಾಗಿದೆ. 2008ರ ಜೂನಿನಲ್ಲಿ ಯಾವ ಹುಡುಗಿಯರ ಮುಂದೆ ದೀಪ ಆರಿಸಿದ್ದರೋ, ಅವರ ಹಾಡಿಗೆ ಈಗ ಎಲ್ಲ ಬಣ್ಣದ ದೀಪಗಳೂ ಹೊತ್ತಿದ್ದವು. ಡಿಸೆಂಬರ್ 14ರಂದು ಮಹಾಭಿಯೋಗದ ನಿರ್ಣಯ ಅಂಗೀಕಾರವಾಯಿತು.

ಆ ವಿಡಿಯೊವನ್ನು ತಂಗಿಯೇ ನನಗೆ ಕಳಿಸಿದ್ದಳು. ಖಾತೆ ಮುಚ್ಚಿ ಹಲವು ತಿಂಗಳು ದೂರವಿದ್ದವಳು ಆಗಷ್ಟೇ ಬೇರೆ ಹೆಸರಿನಲ್ಲಿ ಮರಳಿದ್ದಳು. ನಾನು ಮೂರು ಸಲ ನೋಡಿದೆ. ಒಂದು ಕೋಲನ್ನು ತೋರಿಸಿ ಇದು ಯಾವ ಗ್ರೂಪಿನದೇ ಎಂದು ಕೇಳಿದೆ. ಉತ್ತರವಾಗಿ ಒಂದೇ ಪದ ಬಂತು: "ನುಗು." ಅದರ ಕೆಳಗೆ ಆ ಗ್ರೂಪಿನ ಹೆಸರು, ಸದಸ್ಯರ ಹುಟ್ಟಿದ ದಿನ, ನಾನು ಮೊದಲು ಕೇಳಬೇಕಾದ ಐದು ಹಾಡು.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಇಬ್ಬರೂ ಅಣೆಕಟ್ಟಿನ ಹತ್ತಿರ ಹೋಗಿದ್ದೆವು. ನೀರು ತಳ ಕಂಡಿತ್ತು. ಅವಳು ಫಲಕದ ಪಕ್ಕ ನಿಂತು ಫೋಟೊ ತೆಗೆಸಿಕೊಂಡಳು, 'ನುಗು' ಎಂಬ ಅಕ್ಷರಗಳು ಸರಿಯಾಗಿ ಕಾಣುವ ಹಾಗೆ. ಅದನ್ನು ಹೊಸ ಖಾತೆಯಲ್ಲಿ ತನ್ನ ಚಿತ್ರವಾಗಿ ಹಾಕಿಕೊಂಡಿದ್ದಾಳೆ.